ಗುಲಾಬಿಯಕ್ಕನ ಕತ್ತರಿ

ನಿವೃತ್ತಿಯ ದಿನ ನನಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು, ಚೌಕಟ್ಟು ಹಾಕಿದ ಒಂದು ಸನ್ಮಾನಪತ್ರ ಸಿಕ್ಕಿತು. ಪತ್ರದಲ್ಲಿ ನನ್ನನ್ನು ‘ತಾಳ್ಮೆಯ ಪ್ರತಿರೂಪ’ ಎಂದು ಬರೆದಿದ್ದರು. ಗೋಡೆಗೆ ತೂಗುಹಾಕಿದ ಮೇಲೆ ನನ್ನ ಗಂಡ ಅದನ್ನು ಎರಡು ಸಲ ಓದಿ, “ಇದು ಬೇರೆ ಯಾರದ್ದೋ ಬದಲಾಗಿ ಬಂದಿದೆಯಾ ಅಂತ ಒಮ್ಮೆ ಕೇಳು” ಎಂದರು. ಅವರ ಸಂಶಯ ನ್ಯಾಯವಾದದ್ದೇ. ನಾನು ಬೇಗ ಸಿಟ್ಟಾಗುವವಳು, ಬೇಗ ತೀರ್ಮಾನಕ್ಕೆ ಬರುವವಳು. ಆದರೂ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ಮಾಡಿದೆ, ಚೆನ್ನಾಗಿಯೇ ಮಾಡಿದೆ. ವಿನಯಕ್ಕಾಗಿ ಸುಳ್ಳು ಹೇಳುವ ವಯಸ್ಸು ನನ್ನದಲ್ಲ.

ಕೆಲಸದ ಹೆಸರು ದೊಡ್ಡದು, ಕೆಲಸ ಸರಳ. ಅರುವತ್ತು ದಾಟಿದ, ಮನಸ್ಸಿನ ಕಾಯಿಲೆ ಇರುವವರ ಮನೆಗೆ ಹೋಗುವುದು. ಮಾತ್ರೆ ತೆಗೆದುಕೊಳ್ಳುತ್ತಾರೋ, ನಿದ್ದೆ ಬರುತ್ತದೋ, ಸ್ನಾನ ಮಾಡುತ್ತಾರೋ ನೋಡುವುದು. ತಿಂಗಳಿಗೊಮ್ಮೆ ಡಾಕ್ಟರ ಶಿಬಿರಕ್ಕೆ ಕರೆತರುವುದು. ಮನೆಯವರ ಸಿಟ್ಟನ್ನೂ ಹೆದರಿಕೆಯನ್ನೂ ಕೇಳಿಸಿಕೊಳ್ಳುವುದು. ಕಚೇರಿ ಪುತ್ತೂರಿನಲ್ಲಿ. ಬಸ್ಸು, ಸರ್ವಿಸ್ ಜೀಪು, ಉಳಿದದ್ದು ಕಾಲು. ಸುಳ್ಯ, ಕಡಬದ ಕಡೆಯ ಊರುಗಳಲ್ಲಿ ನನ್ನನ್ನು ಹೆಸರಿನಿಂದ ಕರೆದವರು ಕಡಿಮೆ. ‘ಮಾತ್ರೆ ಅಕ್ಕ’ ಎಂದರೆ ನಾಯಿಗಳಿಗೂ ಗೊತ್ತಿತ್ತು.

ಈಗ ಹೊಸದಾಗಿ ಸೇರುವವರು ಫೋನ್ ಮಾಡಿ, “ಅಕ್ಕ, ಒಂದೆರಡು ಟಿಪ್ಸ್ ಕೊಡಿ” ಅನ್ನುತ್ತಾರೆ. ಟಿಪ್ಸ್ ನನ್ನಲ್ಲಿ ಇಲ್ಲ. ನಾನು ಕಂಡದ್ದನ್ನು, ಮುಖ್ಯವಾಗಿ ಎಡವಿದ್ದನ್ನು, ಬರೆದಿಡುತ್ತೇನೆ.

ಮೊದಲ ವರ್ಷದ ಪಾಠ ಇಚಿಲಂಪಾಡಿಯಲ್ಲಿ ಆಯಿತು. ಅಲ್ಲಿ ಒಬ್ಬ ಅಜ್ಜಿಗೆ ನಿದ್ದೆಯಿಲ್ಲ, ಯಾರೋ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಎಂಬ ಸಂಶಯ. “ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ” ಎಂದು ಬಾಯಿಪಾಠ ಮಾಡಿಸಿದ್ದೆ. ತಿಂಗಳಾದರೂ ಗುಣ ಅರ್ಧಂಬರ್ಧ. ನೋಡಿದರೆ ವಾರಕ್ಕೆ ಎರಡು ಮಾತ್ರೆ ಉಳಿಯುತ್ತಿತ್ತು.

“ಸೋಮವಾರ, ಶನಿವಾರ ನನಗೆ ಒಪ್ಪೊತ್ತು. ರಾತ್ರಿ ಊಟವೇ ಇಲ್ಲ,” ಎಂದರು ಅಜ್ಜಿ. “ಊಟವೇ ಇಲ್ಲದ ಮೇಲೆ ಊಟ ಆದ ಮೇಲಿನ ಮಾತ್ರೆ ಎಲ್ಲಿಂದ ಬಂತು?”

ಅವರ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಡಾಕ್ಟರನ್ನು ಕೇಳಿ, ಅಂದಿನಿಂದ “ದೇವರಿಗೆ ದೀಪ ಇಟ್ಟ ಮೇಲೆ ಮಾತ್ರೆ” ಎಂದೆ. ದೀಪಕ್ಕೆ ಉಪವಾಸ ಇಲ್ಲವಲ್ಲ. ಅಜ್ಜಿ ಒಂದು ದಿನವೂ ತಪ್ಪಿಸಲಿಲ್ಲ.

ಎರಡನೆಯದು ಅಜ್ಜಾವರದ್ದು. ಬೆಳ್ಯಪ್ಪ ಗೌಡರೆಂದರೆ ಒಂದು ಕಾಲದಲ್ಲಿ ಜೋರು ಮಾತಿನ ಮನುಷ್ಯರಂತೆ. ನಾನು ಹೋಗುವಾಗ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನಮ್ಮಲ್ಲಿ ಖಿನ್ನತೆ ಅಳೆಯಲು ಒಂದು ಪ್ರಶ್ನಾವಳಿ ಇತ್ತು. ನಿಮಗೆ ಬೇಸರ ಆಗುತ್ತದೆಯೇ? “ಇಲ್ಲೆ.” ಬದುಕು ಸಾಕು ಅನಿಸುತ್ತದೆಯೇ? “ಇಲ್ಲೆ.” ಅರೆಭಾಷೆಯ ಆ ‘ಇಲ್ಲೆ’ಯನ್ನು ಅವರು ಹದಿನೈದು ಸಲ ಹೇಳಿದರು. ಅಂಕ ಕೂಡಿಸಿದರೆ ಅವರ ಮನಸ್ಸು ನನ್ನ ಮನಸ್ಸಿಗಿಂತ ಗಟ್ಟಿ ಇತ್ತು.

ಅವರ ಹೆಂಡತಿ ಸೀತಮ್ಮ ಮಜ್ಜಿಗೆ ತಂದುಕೊಡುತ್ತಾ, “ಬೇಸರ ಎಲ್ಲ ಎಂತ ಇಲ್ಲ ಅಕ್ಕ. ಎಲೆ ಹಾಕುದು ಬಿಟ್ಟಿದ್ದಾರೆ, ಅಷ್ಟೆ. ಸುಣ್ಣದ ಡಬ್ಬಿ ಒಣಗಿ ಕಲ್ಲಾಗಿದೆ,” ಎಂದರು.

ಐವತ್ತು ವರ್ಷ ಕಾಫಿಗೆ ಮೊದಲು ಎಲೆಯಡಿಕೆ ಹಾಕಿದ ಮನುಷ್ಯ. ನಾನು ಪ್ರಶ್ನಾವಳಿ ಮಡಚಿ, “ಎಲೆ ಯಾಕೆ ಬಿಟ್ರಿ ಗೌಡ್ರೆ?” ಎಂದು ಕೇಳಿದೆ. ಅವರು ಮೊದಲ ಬಾರಿಗೆ ನನ್ನ ಕಡೆ ತಿರುಗಿದರು.

“ರುಚಿ ಇಲ್ಲೆ,” ಎಂದರು. ಮತ್ತೆ, “ಒಂದಕ್ಕೂ ರುಚಿ ಇಲ್ಲೆ.” ಕಣ್ಣು ತುಂಬಿತ್ತು.

ಡಾಕ್ಟರಿಗೆ ಅಷ್ಟು ಸಾಕಾಯಿತು. ಮಾತ್ರೆ ಶುರುವಾಗಿ ಒಂದೂವರೆ ತಿಂಗಳಾಗಿರಬಹುದು, ನಾನು ಅಂಗಳಕ್ಕೆ ಕಾಲಿಡುವಾಗ ಒಳಗಿನಿಂದ ಗದರುವ ಸ್ವರ ಕೇಳಿತು. “ಸುಣ್ಣ ಎಲ್ಲಿ ಉಟ್ಟು?” ಸುಣ್ಣ ಎಲ್ಲಿದೆ ಎಂದು. ಸೀತಮ್ಮ ಬೈಸಿಕೊಳ್ಳುತ್ತಾ ನಗುತ್ತಿದ್ದರು. ಎಲೆಯಡಿಕೆ ಬಾಯಿಗೆ ಒಳ್ಳೆಯದಲ್ಲ ಎಂದು ಹೇಳುವ ಇಲಾಖೆ ಬೇರೆ ಉಂಟು. ನಾನು ಆ ದಿನ ಸುಳ್ಯದ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಆಮೇಲೆ ಎಲ್ಲ ಫಾರಂಗಳ ಅಂಚಿನಲ್ಲಿ ನನ್ನದೊಂದು ಸಾಲು ಸೇರಿಸಿದೆ: ‘ಎಲೆಯಡಿಕೆ: ಹಾಕುತ್ತಾರೆ / ಬಿಟ್ಟಿದ್ದಾರೆ.’ ಇದನ್ನು ಕಂಡವರು ನಮ್ಮ ಮೇಲ್ವಿಚಾರಕರಾದ ಜನಾರ್ದನ ಸರ್. ಅವರು ಹೆಡ್ಮಾಸ್ಟರಾಗಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು, ಬರುವಾಗ ಕೆಂಪು ಪೆನ್ನನ್ನೂ ಜೊತೆಗೆ ತಂದವರು. ನನ್ನ ಸಾಲಿಗೆ ಕೆಂಪು ಗೆರೆ ಎಳೆದು ಕೇಳಿದರು:

“ಇದು ಯಾವ ಪ್ರಶ್ನಾವಳಿಯಲ್ಲಿ ಉಂಟು?”

“ನನ್ನದರಲ್ಲಿ ಉಂಟು ಸರ್.”

ಶಿಬಿರಕ್ಕೆ ಬರುವ ಡಾಕ್ಟರಮ್ಮ ಮಾತ್ರ ಆ ಸಾಲನ್ನೇ ಮೊದಲು ಓದತೊಡಗಿದರು. ಜನಾರ್ದನ ಸರ್ ಆಮೇಲೆ ಗೆರೆ ಎಳೆಯಲಿಲ್ಲ. ನನ್ನ ತಲೆ ಸ್ವಲ್ಪ ದೊಡ್ಡದಾಯಿತು. ನನಗೆ ಗೊತ್ತಿಲ್ಲದ್ದು ಇನ್ನು ಈ ಊರುಗಳಲ್ಲಿ ಎಂತ ಉಂಟು ಎನ್ನುವಷ್ಟು.

ಈಗ ಫಾರಂ ಎಲ್ಲ ಮೊಬೈಲಿನ ಒಳಗೆ ಹೋಗಿದೆ. ಅಂಚು ಎಂಬುದೇ ಇಲ್ಲ, ಸಾಲು ಸೇರಿಸಲು ಜಾಗವಿಲ್ಲ. ನೆಟ್‌ವರ್ಕ್ ಸಿಗಲು ಗುಡ್ಡೆ ಹತ್ತಬೇಕು. ಆದರೆ ಮೊಬೈಲನ್ನು ಬೈಯುವವಳು ನಾನಲ್ಲ. ಕೈ ನಡುಗುವುದನ್ನು ಆ ಕ್ಷಣವೇ ಡಾಕ್ಟರಿಗೆ ತೋರಿಸಬಹುದು. ನಮ್ಮ ಕಾಲದಲ್ಲಿ ಒಂದು ನಡುಕ ತೋರಿಸಲು ತಿಂಗಳು ಕಾಯಬೇಕಿತ್ತು.

ಇನ್ನು ಹೇಳುವುದು ನನ್ನ ಅತಿ ದೊಡ್ಡ ತಪ್ಪು. ನನ್ನ ಹೆಮ್ಮೆಯೂ ಅದರಲ್ಲೇ ಇರುವುದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಪೆರಾಬೆಯ ಗುಲಾಬಿಯಕ್ಕ ಬೀಡಿ ಕಟ್ಟುವವರು. ಹದಿನಾಲ್ಕನೆಯ ವಯಸ್ಸಿಗೆ ಕತ್ತರಿ ಹಿಡಿದವರು, ನಾನು ಕಾಣುವಾಗ ಅರುವತ್ತಾರು. ಮನೆಯಲ್ಲಿ ಆಟೋ ಓಡಿಸುವ ಮಗ ಉಮೇಶ, ಸೊಸೆ ಯಶೋದ. ಯಶೋದಳೂ ಬೀಡಿ ಕಟ್ಟುವವಳೇ. ಅತ್ತೆ ಸೊಸೆ ಜಗಲಿಯಲ್ಲಿ ಎದುರುಬದುರು ಕೂತು, ಮಡಿಲಲ್ಲಿ ಬೀಡಿಯ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಒದ್ದೆ ಗೋಣಿಯಿಂದ ಎಲೆ ತೆಗೆದು, ಅಳತೆಯ ತಗಡು ಇಟ್ಟು ಕತ್ತರಿಸಿ, ಹೊಗೆಸೊಪ್ಪು ಹಾಕಿ ಸುರುಳಿ ಮಾಡಿ ನೂಲು ಸುತ್ತುವುದು. ಗುಲಾಬಿಯಕ್ಕ ಎಲೆ ನೋಡದೆಯೇ ಕತ್ತರಿಸುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವರ ಕಿವಿಯಲ್ಲಿ ಒಬ್ಬ ಗಂಡಸು ಮಾತಾಡಲು ಶುರುಮಾಡಿದ್ದ. ಅವನಿಗೆ ಹೆಸರಿಲ್ಲ. ತುಳುವಿನಲ್ಲಿ ‘ಆಯೆ’, ಅಂದರೆ ಅವನು, ಅಷ್ಟೇ. ಅವನ ಕೆಲಸ ಇವರನ್ನು ಬೈಯುವುದು. ಮಾತ್ರೆ ಕೊಟ್ಟ ಮೇಲೆ ಅವನು ಕಡಿಮೆಯಾದ, ಪೂರ್ತಿ ಹೋಗಲಿಲ್ಲ. ನನ್ನ ಕೆಲಸದ ಐದನೆಯ ವರ್ಷ ಒಂದು ಬೆಳಿಗ್ಗೆ ಯಶೋದಳ ಫೋನು ಬಂತು.

“ಅಕ್ಕ, ಬೇಗ ಬನ್ನಿ. ಅತ್ತೆ ಬಾವಿಕಟ್ಟೆಯಲ್ಲಿ ನಿಂತು ಕತ್ತರಿಯನ್ನು ಕಿವಿಗೆ ಹಿಡ್ಕೊಂಡಿದ್ದಾರೆ. ಕಿವಿ ಕತ್ತರಿಸಿಕೊಳ್ಳುದೋ ಎಂತದೋ. ನನಗೆ ಹತ್ತಿರ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ.”

ನಾನು ತಲುಪುವಾಗ ಗುಲಾಬಿಯಕ್ಕ ಜಗಲಿಗೆ ಬಂದು ಏನೂ ಆಗದವರಂತೆ ಎಲೆ ಕತ್ತರಿಸುತ್ತಿದ್ದರು. ನಮಗೆ ತರಬೇತಿಯಲ್ಲಿ ಒಂದು ವಾಕ್ಯ ಕಲಿಸಿದ್ದರು: ಅಪಾಯ ಕಂಡರೆ ಹರಿತವಾದ ವಸ್ತುವನ್ನು ಮೊದಲು ದೂರ ಮಾಡಿ. ಒಳ್ಳೆಯ ವಾಕ್ಯವೇ. ನಾನು ಚಪ್ಪಲಿ ಬಿಚ್ಚಿದವಳೇ ಕೈ ಚಾಚಿದೆ.

“ಗುಲಾಬಿಯಕ್ಕ, ಕತ್ತರಿ ಕೊಡಿ.”

“ಎಂತಕ್ಕೆ?”

“ಸ್ವಲ್ಪ ದಿನ ನನ್ನ ಹತ್ತಿರ ಇರಲಿ.”

ಅವರು, “ಕೆಳಗೆ ಇಡ್ತೇನೆ, ತೆಕ್ಕೊ,” ಎಂದು ಕತ್ತರಿಯನ್ನು ನೆಲದ ಕಡೆಗೆ ತಂದರು. ನಮ್ಮ ಕಡೆ ಕತ್ತರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂಬ ನಂಬಿಕೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನನಗೆ ಅಷ್ಟು ವ್ಯವಧಾನ ಎಲ್ಲಿ. ನೆಲ ಮುಟ್ಟುವ ಮೊದಲೇ ಅವರ ಕೈಯಿಂದ ಎಳೆದುಕೊಂಡೆ.

“ಕೈಯಿಂದ ತೆಗೆದ್ರೆ ಜಗಳ ಆಗ್ತದೆ ಮಗಾ.”

“ಆದ್ರೆ ಆಗಲಿ,” ಎಂದೆ.

ಬಾವಿಕಟ್ಟೆಯಲ್ಲಿ ಕತ್ತರಿಯಿಂದ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಲಿಲ್ಲ. ಇದನ್ನು ಹೊಸಬರು ಎರಡು ಸಲ ಓದಬೇಕು. ಅಲ್ಲಿಗೆ ಹೋದವಳು, ಕೇಳುವುದೇ ಕಸುಬಾಗಿದ್ದವಳು, ಕೇಳಲಿಲ್ಲ.

ಯಶೋದಳಿಗೆ, ಅತ್ತೆಯ ಕಣ್ಣಿಗೆ ಇನ್ನು ಕತ್ತರಿ, ಚೂರಿ ಬೀಳಬಾರದು, ನೀನೂ ಬೀಡಿ ಕೆಲಸ ಬೇರೆ ಕಡೆ ಮಾಡು ಎಂದು ಹೇಳಿದೆ. ಅವಳು ತಡ್ಪೆ ಎತ್ತಿಕೊಂಡು ಪಕ್ಕದ ಮನೆಯ ಜಗಲಿಗೆ ಹೋದಳು. ನಾನು ಫಾರಂನಲ್ಲಿ ‘ಅಪಾಯ ನಿವಾರಿಸಲಾಗಿದೆ’ ಎಂದು ಬರೆದೆ. ಜನಾರ್ದನ ಸರ್ ಕತ್ತರಿಯನ್ನು ಒಂದು ಲಕೋಟೆಗೆ ಹಾಕಿ, ಅಂಟಿಸಿ, ಸಹಿ ಮಾಡಿ, ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರು. ತಿಂಗಳ ಸಭೆಯಲ್ಲಿ, “ಸಮಯಪ್ರಜ್ಞೆ ಎಂದರೆ ಇದು” ಎಂದು ನನ್ನನ್ನು ಎದ್ದು ನಿಲ್ಲಿಸಿದರು. ನಾನು ಸೆರಗು ಸರಿಮಾಡಿಕೊಂಡು ನಿಂತೆ.

ಎರಡು ತಿಂಗಳಲ್ಲಿ ಗುಲಾಬಿಯಕ್ಕ ಬೇರೆ ಮನುಷ್ಯರಾದರು. ಮೊದಲು ಊಟ ಕಡಿಮೆಯಾಯಿತು. ಆಮೇಲೆ ಸಿಕ್ಕಿದ ಎಲೆಯನ್ನೆಲ್ಲ, ಬಾಳೆ ಎಲೆಯಿಂದ ಹಿಡಿದು ಹಲಸಿನ ಎಲೆಯವರೆಗೆ, ಉಗುರಿನಿಂದ ಸೀಳತೊಡಗಿದರು. ಗಾಳಿಯಲ್ಲಿ ಎರಡು ಬೆರಳು ಆಡಿಸುತ್ತಾ ಅಂಗಳ ಸುತ್ತುತ್ತಿದ್ದರು. ‘ಅವನು’ ದಿನವಿಡೀ ಬೈಯುತ್ತಾನೆ ಎಂದು ಅಳುತ್ತಿದ್ದರು. ಕಾಯಿಲೆ ಜೋರಾಗಿದೆ ಎಂದು ನಾನು ವರದಿ ಮಾಡಿದೆ. ಆ ವರದಿ ನೋಡಿ ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು. ಈಗ ಗುಲಾಬಿಯಕ್ಕನ ನಾಲಿಗೆ ದಪ್ಪವಾಗಿ ಮಾತು ಎಳೆಯಿತು, ಬಾಯಿಂದ ಜೊಲ್ಲು ಬಂತು, ಆದರೂ ಬೆರಳು ಆಡುವುದು ನಿಲ್ಲಲಿಲ್ಲ.

ಒಂದು ಮಂಗಳವಾರ ಹೋದಾಗ ಯಶೋದ ಹೇಳಿದಳು: “ಅಕ್ಕ, ಇನ್ನು ನಮ್ಮಿಂದ ಆಗುದಿಲ್ಲ. ದೂರದಲ್ಲಿ ಒಂದು ಆಶ್ರಮ ಉಂಟಂತೆ, ಇಂಥವರನ್ನು ಇಟ್ಟುಕೊಳ್ತಾರಂತೆ. ಶನಿವಾರ ಬೆಳಿಗ್ಗೆ ಇವರು ನಮ್ಮ ಆಟೋದಲ್ಲೇ ಬಿಟ್ಟು ಬರ್ತಾರೆ.” ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಇಪ್ಪತ್ತು ವರ್ಷ ಎದುರುಬದುರು ಕೂತವರು.

ಆಶ್ರಮಕ್ಕೆ ಹೋಗುವ ತಾರೀಕನ್ನು ಫಾರಂನಲ್ಲಿ ಬರೆದುಕೊಂಡೆ. ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಪಕ್ಕದ ಮನೆಯ ಐಸಮ್ಮನ ಜಗಲಿಯಲ್ಲಿ ಕೂತೆ. ಐಸಮ್ಮ ಗುಲಾಬಿಯಕ್ಕನ ಜೊತೆ ಮೂವತ್ತು ವರ್ಷ ಬೀಡಿ ಕಟ್ಟಿದವರು. ಅವರು ಕೈಯ ಕೆಲಸ ನಿಲ್ಲಿಸದೆ ಕೇಳಿದರು:

“ಗುಲಾಬಿಯ ಕತ್ತರಿ ತೆಗೆದದ್ದು ಯಾರು?”

“ನಾನು.”

“ನೀವಾ? ನೀವು ಕಲಿತವರಲ್ವಾ ಮಾರಾಯ್ರೆ?”

“ಕಿವಿಗೆ ಹಿಡ್ಕೊಂಡಿದ್ರಂತೆ ಐಸಮ್ಮ. ಕತ್ತರಿಸಿಕೊಂಡ್ರೆ?”

ಐಸಮ್ಮ ಈಗ ಕೈ ನಿಲ್ಲಿಸಿದರು. ತಮ್ಮ ಕತ್ತರಿಯನ್ನು ಕಿವಿಯ ಹತ್ತಿರ ತಂದು, ಎಲೆಯಿಲ್ಲದೆ, ಕರಕ್ ಕರಕ್ ಎಂದು ಎರಡು ಸಲ ಆಡಿಸಿ ತೋರಿಸಿದರು. “ಹೀಗಾ? ಇದು ಅವಳು ಯಾವಾಗಲೂ ಮಾಡುದು, ಸೊಸೆ ಕಾಣದ ಹಾಗೆ. ಕಿವಿಯಲ್ಲಿ ಒಬ್ಬ ಮಾತಾಡ್ತಾನಲ್ವಾ, ಕತ್ತರಿ ಮಾತಾಡಿದ್ರೆ ಅವನು ಬಾಯಿ ಮುಚ್ಚುತಾನಂತೆ. ದಿನ ಇಡೀ ಎಲೆ ಕತ್ತರಿಸುವಾಗ ಅವನು ಬರುದೇ ಇಲ್ಲಂತೆ. ನಿಮ್ಮ ಮಾತ್ರೆಗಿಂತ ಮೊದಲಿನ ಮಾತ್ರೆ ಅದು. ನಿಮಗೆ ಗೊತ್ತುಂಟು ಅಂತ ನಾನು ಗ್ರಹಿಸಿದ್ದೆ.”

ಬಸ್ಸು ಬಂತು, ಹೋಯಿತು. ಗಾಳಿಯಲ್ಲಿ ಆಡುತ್ತಿದ್ದ ಆ ಎರಡು ಬೆರಳು ಏನು ಹುಡುಕುತ್ತಿದ್ದವೆಂದು ನನಗೆ ಆಗ ಗೊತ್ತಾಯಿತು.

ಆ ರಸ್ತೆಯಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಕೊನೆಯವರೆಗೆ ಕೇಳಿ, “ಇದನ್ನು ಎರಡು ತಿಂಗಳ ಹಿಂದೆಯೇ ಹೇಳಬೇಕಿತ್ತು,” ಎಂದರು. ಬೈದದ್ದು ಅಷ್ಟೇ. ಆಮೇಲೆ ದಾರಿ ಹೇಳಿದರು. ಹೆಚ್ಚಿಸಿದ ಮಾತ್ರೆಯನ್ನು ಮೆಲ್ಲ ಮೆಲ್ಲ ಇಳಿಸುವುದು, ಕತ್ತರಿಯ ಮೊನೆ ತೇಯಿಸಿ ಮೊಂಡು ಮಾಡುವುದು, ಕೆಲಸದ ಹೊತ್ತು ಯಶೋದ ಎದುರಲ್ಲಿ ಇರುವುದು, ಮೊದಲ ಎರಡು ವಾರ ನಾನು ದಿನಾ ಹೋಗಿ ನೋಡುವುದು. ಸೊಸೆ ಒಪ್ಪಿದರೆ ಮಾತ್ರ.

ಮರುದಿನ ಜನಾರ್ದನ ಸರ್ ಎದುರು ನಿಂತೆ.

“ಕಪಾಟಿನಿಂದ ಕತ್ತರಿ ಬೇಕು ಸರ್.”

“ಅದನ್ನು ಒಳಗೆ ಇಟ್ಟದ್ದಕ್ಕೆ ನಿಮ್ಮನ್ನು ಸಭೆಯಲ್ಲಿ ಹೊಗಳಿದ್ದೇನೆ.”

“ಆ ಹೊಗಳಿಕೆ ವಾಪಸ್ ತೆಕ್ಕೊಳ್ಳಿ ಸರ್. ಕತ್ತರಿ ಕೊಡಿ.”

“ನಾಳೆ ಹೆಚ್ಚು ಕಡಿಮೆ ಆದರೆ ಯಾರು ಜವಾಬ್ದಾರಿ? ಬರೆದು ಕೊಡ್ತೀರಾ?”

ಬರೆದುಕೊಟ್ಟೆ. ವಿಚಾರಿಸದೆ ತೆಗೆದದ್ದು ನನ್ನ ತಪ್ಪು, ಡಾಕ್ಟರ ಸಲಹೆಯಂತೆ ಹಿಂದೆ ಕೊಡುತ್ತಿದ್ದೇನೆ, ಜವಾಬ್ದಾರಿ ನನ್ನದು ಎಂದು ಸಹಿ ಹಾಕಿದೆ. ಅವರು ಕನ್ನಡಕ ಏರಿಸಿ ಓದಿದರು. ಒಂದು ಕಾಗುಣಿತ ತಿದ್ದಿದರು. ಆಮೇಲೆ ಅದೇ ಕೆಂಪು ಪೆನ್ನಿನಿಂದ ನನ್ನ ಸಹಿಯ ಕೆಳಗೆ ‘ನಾನೂ ಜವಾಬ್ದಾರ’ ಎಂದು ಬರೆದು ತಮ್ಮ ಸಹಿ ಹಾಕಿದರು. ಆ ಮನುಷ್ಯನ ಬಗ್ಗೆ ನಾನು ಹಿಂದೆ ಮುಂದೆ ಎಷ್ಟು ಗೊಣಗಿದ್ದೇನೋ, ಅದರಲ್ಲಿ ಅರ್ಧವನ್ನು ಅಂದೇ ವಾಪಸ್ ತೆಗೆದುಕೊಂಡೆ.

ಶುಕ್ರವಾರ ಮಧ್ಯಾಹ್ನ ಪೆರಾಬೆಗೆ ಹೋದೆ. ಮೊನೆ ತೇಯಿಸಿದ ಕತ್ತರಿ ನನ್ನ ಚೀಲದಲ್ಲಿತ್ತು. ಜಗಲಿಯ ಮೂಲೆಯಲ್ಲಿ ಗುಲಾಬಿಯಕ್ಕನ ಬಟ್ಟೆಯ ಗಂಟು ಆಗಲೇ ಕಟ್ಟಿ ಇಟ್ಟಾಗಿತ್ತು. ಯಶೋದಳಿಗೆ ವಿಷಯ ಹೇಳಿದರೆ ಅವಳು ಸಿಡಿದಳು.

“ತೆಗೆದದ್ದೂ ನೀವೇ, ತಂದದ್ದೂ ನೀವೇ. ನಾನು ಯಾವುದನ್ನು ನಂಬುದು ಅಕ್ಕ? ಈ ಮನೆಯಲ್ಲಿ ಇರುವವಳು ನಾನು.”

“ನೀನು ಹೇಳುದು ಸರಿ,” ಎಂದೆ. “ಅವತ್ತು ನಾನು ಕೇಳದೆ ತೆಗೆದೆ. ಈಗ ಅವರನ್ನೇ ಕೇಳುವ. ಕೇಳಿ ಆದ ಮೇಲೆ ನೀನು ಬೇಡ ಅಂದ್ರೆ ಬೇಡ.”

ಗುಲಾಬಿಯಕ್ಕನ ಎದುರು ನೆಲದಲ್ಲಿ ಕೂತೆ. ಎರಡು ತಿಂಗಳು ತಡವಾಗಿ ಆ ಪ್ರಶ್ನೆ ಕೇಳಿದೆ.

“ಗುಲಾಬಿಯಕ್ಕ, ಅವತ್ತು ಬಾವಿಕಟ್ಟೆಯಲ್ಲಿ ಕತ್ತರಿಯಲ್ಲಿ ಎಂತ ಮಾಡ್ತಾ ಇದ್ರಿ?”

ಅವರು ನಾಲಿಗೆ ಒಗ್ಗಿಸಿಕೊಳ್ಳಲು ಹೊತ್ತು ತೆಗೆದುಕೊಂಡರು. ಎಳೆದೆಳೆದು ಹೇಳಿದರು: “ಅವನು ಬಾವಿಗೆ ಹಾರು ಅಂತ ಹೇಳಿದ. ಹಾರು, ಹಾರು ಅಂತ. ನಾನು ಕತ್ತರಿ ಆಡಿಸಿದೆ. ಅವನು ಸುಮ್ಮನಾದ. ನಾನು ಬಂದು ಕೂತೆ.”

ಯಶೋದ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಹಾಗೆಯೇ ಜಾರಿ ಹೊಸ್ತಿಲ ಮೇಲೆ ಕೂತಳು. ಆಮೇಲೆ ಎದ್ದು ಪಕ್ಕದ ಮನೆಗೆ ಹೋಗಿ ತನ್ನ ತಡ್ಪೆಯನ್ನೂ ಎಲೆಯ ಗೋಣಿಯನ್ನೂ ತಂದು, ಅತ್ತೆಯ ಎದುರು ತನ್ನ ಹಳೆಯ ಜಾಗದಲ್ಲಿ ಕೂತಳು.

ನಾನು ಕತ್ತರಿ ತೆಗೆದು, ಈ ಸಲ ಕ್ರಮ ತಪ್ಪದೆ, ನೆಲದ ಮೇಲೆ ಇಟ್ಟೆ. ಗುಲಾಬಿಯಕ್ಕ ಅದನ್ನು ನೋಡಿದರು, ಮುಟ್ಟಲಿಲ್ಲ.

“ಮೂತಿ ಎಂತಕ್ಕೆ ಸವೆಸಿದ್ದು?”

“ಡಾಕ್ಟರು ಹೇಳಿದ್ದು. ಎಲೆ ಕತ್ತರಿಸ್ಲಿಕ್ಕೆ ತೊಂದರೆ ಇಲ್ಲ. ತೆಕ್ಕೊಳ್ಳಿ.”

ಅವರು ತೆಗೆದುಕೊಳ್ಳಲಿಲ್ಲ. ಅಂಗೈಯನ್ನು ನನ್ನ ಮುಂದೆ ಚಾಚಿದರು.

“ಕೈಗೇ ಕೊಡು ಮಗಾ. ಆಗುವ ಜಗಳ ಆಗಿ ಆಯ್ತಲ್ಲ.”

ನಾನು ಕತ್ತರಿಯನ್ನು ನೆಲದಿಂದ ಎತ್ತಿ ಅವರ ಕೈಗೆ ಕೊಟ್ಟೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಯಶೋದ ನೋಡಿದಳು, ನೋಡಲಿ. ಗುಲಾಬಿಯಕ್ಕ ಬೆರಳುಗಳನ್ನು ಒಂದೊಂದಾಗಿ ಕತ್ತರಿಯ ಕಣ್ಣಿಗೆ ತೂರಿಸಿದರು. ಕಿವಿಯ ಹತ್ತಿರ ತಂದು ಎರಡು ಸಲ ಆಡಿಸಿ, ಕತ್ತು ಓರೆ ಮಾಡಿ ಕೇಳಿಸಿಕೊಂಡರು.

“ಪೋಯೆ,” ಎಂದರು. ಹೋದ.

ಯಶೋದ ಒಂದು ಎಲೆ ತೆಗೆದು ಅತ್ತೆಯ ತಡ್ಪೆಗೆ ಹಾಕಿದಳು. ಅಳತೆ ತಪ್ಪಿ ಮೊದಲ ತುಂಡು ಸೊಟ್ಟಗೆ ಬಂತು. ಎರಡನೆಯದೂ ಸೊಟ್ಟ. ಮೂರನೆಯದು ನೆಟ್ಟಗೆ ಬಂದಾಗ ಯಶೋದ ಗಂಡನಿಗೆ ಫೋನ್ ಮಾಡಿದಳು.

“ನಾಳೆ ಯಾರಾದರೂ ಬಾಡಿಗೆಗೆ ಕರೆದ್ರೆ ಹೋಗಿ. ಅತ್ತೆ ಎಲ್ಲಿಗೂ ಬರುದಿಲ್ಲ. ಅವರಿಗೆ ಕೆಲಸ ಉಂಟು.”